ಬಂಡೆಯ ಶಾಸನದಿಂದ ನೋಟರಿಯ ಮೊಹರಿನವರೆಗೆ

ಜಮೀನು ಕೊಳ್ಳಲು ಹೊರಟವನು ಮಣ್ಣಿನ ಗುಣ ವಿಚಾರಿಸುವುದಕ್ಕೆ ಮೊದಲು ‘ಕಾಗದ ಪತ್ರ ಸರಿಯಾಗಿದೆಯೇ?’ ಎಂದು ಕೇಳುತ್ತಾನೆ. ಮನೆ ಬಾಡಿಗೆಗೆ ಹಿಡಿಯುವವರು, ಮಕ್ಕಳನ್ನು ಕಾಲೇಜಿಗೆ ಸೇರಿಸುವವರು, ಪಡಿತರ ಚೀಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪಾಗಿ ಅಲೆಯುತ್ತಿರುವವರು, ಸಾಲ ಕೊಟ್ಟವರು, ಸಾಲ ತಂದವರು ಎಲ್ಲರೂ ಒಂದಲ್ಲ ಒಂದು ದಿನ ಈ ಕಾಗದದ ಮುಂದೆ ಕೂರಲೇಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕರಲ್ಲಿ ಯಾವ ಪಟ್ಟಣಕ್ಕೆ ಹೋದರೂ ನ್ಯಾಯಾಲಯ ಮತ್ತು ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಜೆರಾಕ್ಸ್ ಅಂಗಡಿ, ಪತ್ರ ಬರಹಗಾರರ ಮೇಜು, ‘ವಕೀಲರು ಮತ್ತು ನೋಟರಿ’ ಎಂದು ಬರೆದ ಫಲಕ ಒಟ್ಟೊಟ್ಟಿಗೇ ಕಣ್ಣಿಗೆ ಬೀಳುತ್ತವೆ.

ನೋಟರಿಯವರ ದುಂಡು ಮೊಹರು ಬಿದ್ದರೆ ಸಾಕು, ಕಾಗದ ‘ಪಕ್ಕಾ’ ಆಯಿತು ಎಂಬುದು ಜನಸಾಮಾನ್ಯರ ನಂಬಿಕೆ. ಈ ನಂಬಿಕೆಯಲ್ಲಿ ಅರ್ಧ ನಿಜವಿದೆ. ಇನ್ನರ್ಧವನ್ನು ನಂಬಿದವರಲ್ಲಿ ಕೆಲವರು ಜೀವಮಾನದ ಉಳಿತಾಯವನ್ನೇ ಕಳೆದುಕೊಂಡಿದ್ದಾರೆ. ಮೊಹರು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂಬುದನ್ನು ತಿಳಿಯಬೇಕಾದರೆ ಈ ಸೀಮೆಯಲ್ಲಿ ‘ಕಾಗದ’ ನಡೆದುಬಂದ ದಾರಿಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ.

ಕಲ್ಲಿನ ಮೇಲಿನ ಕ್ರಯಪತ್ರ

ಕಾಗದ ಬರುವುದಕ್ಕೆ ಮೊದಲು ಕಲ್ಲು ಮತ್ತು ತಾಮ್ರ ಇದ್ದವು. ನಂದಿ ಬೆಟ್ಟದ ತಪ್ಪಲಿನ ಭೋಗನಂದೀಶ್ವರ ದೇವಾಲಯಕ್ಕೆ ಸಂಬಂಧಿಸಿದ ಅತಿ ಹಳೆಯ ದಾಖಲೆಗಳು 9ನೇ ಶತಮಾನದ ಆರಂಭದವು. ನೊಳಂಬರು, ರಾಷ್ಟ್ರಕೂಟರ ಮುಮ್ಮಡಿ ಗೋವಿಂದ, ಬಾಣರು ಈ ದಾಖಲೆಗಳಲ್ಲಿ ಬರುತ್ತಾರೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 10ನೇ ಸಂಪುಟ ಕೋಲಾರ ಜಿಲ್ಲೆಗೆ ಮೀಸಲಾದುದು. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಚಿಕ್ಕಬಳ್ಳಾಪುರ ಕೋಲಾರದ ಭಾಗವೇ ಆಗಿತ್ತಾದ್ದರಿಂದ ನಾಲ್ಕೂ ತಾಲ್ಲೂಕುಗಳ ಶಾಸನಗಳು ಆ ಒಂದೇ ಸಂಪುಟದಲ್ಲಿ ಸಿಗುತ್ತವೆ.

ಶಾಸನ ಎಂದೊಡನೆ ರಾಜರ ಬಿರುದುಗಳು, ಯುದ್ಧಗಳು ನೆನಪಿಗೆ ಬರುತ್ತವೆ. ಆದರೆ ದಾನಶಾಸನಗಳಲ್ಲಿ ಬಹುಪಾಲು ಭೂಮಿಯ ದಸ್ತಾವೇಜುಗಳೇ. ಇಂದಿನ ಕ್ರಯಪತ್ರವೊಂದನ್ನು ಪಕ್ಕದಲ್ಲಿಟ್ಟುಕೊಂಡು ಹಳೆಯ ದಾನಶಾಸನವನ್ನು ಓದಿದರೆ ಎರಡರ ಅಂಗಾಂಗಗಳೂ ಒಂದೇ ಎಂಬುದು ತಿಳಿಯುತ್ತದೆ. ಮೊದಲು ಕಾಲ: ಶಕವರ್ಷ, ಸಂವತ್ಸರ, ಮಾಸ, ತಿಥಿ. ನಂತರ ಕೊಟ್ಟವರು ಯಾರು, ಪಡೆದವರು ಯಾರು. ಆಮೇಲೆ ಭೂಮಿಯ ವಿವರ ಮತ್ತು ಅದರ ನಾಲ್ಕು ದಿಕ್ಕಿನ ಎಲ್ಲೆ. ಕೊನೆಗೆ ಸಾಕ್ಷಿಗಳು, ಬರೆದ ಸೇನಬೋವನ ಹೆಸರು ಮತ್ತು ಒಪ್ಪ. ವಿಜಯನಗರದ ತಾಮ್ರಪಟಗಳಲ್ಲಿ ಪಾಠ ಸಂಸ್ಕೃತದಲ್ಲಿದ್ದರೂ ಕೊನೆಯ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಕನ್ನಡ ಅಕ್ಷರದಲ್ಲಿರುವುದು ಪ್ರಸಿದ್ಧ. ಅದು ಆ ಕಾಲದ ಅಧಿಕೃತ ಸಹಿ.

ನಾಲ್ಕು ದಿಕ್ಕಿನ ಎಲ್ಲೆಯನ್ನು ಇಂದು ‘ಚಕ್ಕುಬಂದಿ’ ಎನ್ನುತ್ತೇವೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಕೆರೆಯ ಕಾಲುವೆ ಎಂದು ಬರೆಯುವ ಕ್ರಮ ಸಾವಿರ ವರ್ಷ ಕಳೆದರೂ ಹೆಚ್ಚು ಬದಲಾಗಿಲ್ಲ. ಹಿಂದೆ ಎಲ್ಲೆಯಲ್ಲಿ ಕಲ್ಲು ನೆಡುತ್ತಿದ್ದರು. ಶಿವನಿಗೆ ಸಂಬಂಧಿಸಿದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದಾನಕ್ಕೆ ವಾಮನಮುದ್ರೆಯ ಕಲ್ಲು. ಹೊಲದ ಬದುವಿನಲ್ಲಿ ಇಂಥ ಕಲ್ಲುಗಳು ಈಗಲೂ ಅಲ್ಲಲ್ಲಿ ಕಾಣಸಿಗುತ್ತವೆ.

ಇನ್ನೊಂದು ಮಾತು ಇನ್ನೂ ಕುತೂಹಲಕರ. ವಿಜಯನಗರ ಕಾಲದ ದಾನಪತ್ರಗಳಲ್ಲಿ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಪದೇಪದೇ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಬಗೆಯ ಹಕ್ಕು ಇದರಲ್ಲಿ ಸೇರಿದೆ. ನೆಲದಲ್ಲಿ ಹುದುಗಿದ ನಿಧಿಯಿಂದ ಹಿಡಿದು ನೀರು, ಕಲ್ಲು, ಈಗಿನ ಹುಟ್ಟುವಳಿ, ಮುಂದೆ ಬರಬಹುದಾದ ಲಾಭ ಎಲ್ಲವೂ ಪಡೆದವನಿಗೇ ಸೇರಿದ್ದು ಎಂದು ಇದರ ತಾತ್ಪರ್ಯ. ಅಜ್ಜನ ಕಾಲದ ಕ್ರಯಪತ್ರ ಮನೆಯಲ್ಲಿದ್ದವರು ತೆಗೆದು ನೋಡಲಿ, ‘ನಿಧಿ ನಿಕ್ಷೇಪ ಜಲ ತರು ಪಾಷಾಣ’ ಎಂದು ಓಡುವ ಸಾಲು ಅದರಲ್ಲೂ ಇರುವ ಸಂಭವ ಹೆಚ್ಚು. ‘ಪುತ್ರ ಪೌತ್ರ ಪಾರಂಪರ್ಯವಾಗಿ’, ‘ಆಚಂದ್ರಾರ್ಕವಾಗಿ’ ಎಂಬ ಮಾತುಗಳೂ ಹಾಗೆಯೇ ಬಂಡೆಯಿಂದ ಛಾಪಾ ಕಾಗದಕ್ಕೆ ಇಳಿದುಬಂದವು. ಶಾಸನದ ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತುತ್ತಿದ್ದುದೂ ಅವರಿರುವವರೆಗೆ ಈ ಹಕ್ಕು ಇರಲಿ ಎಂಬ ಅರ್ಥದಲ್ಲೇ.

ಕರಾರು ಮುರಿದವನಿಗೆ ಏನು ಶಿಕ್ಷೆ? ಶಾಸನಗಳ ಕೊನೆಯಲ್ಲಿ ಶಾಪವಾಕ್ಯ ಇರುತ್ತಿತ್ತು. ದಾನ ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬುದು ಅತಿ ಸಾಮಾನ್ಯವಾದ ಶಾಪ. ಪೊಲೀಸು, ನ್ಯಾಯಾಲಯಗಳು ಕೈಗೆಟುಕದ ಕಾಲದಲ್ಲಿ ಪಾಪಭೀತಿಯೂ ದಸ್ತಾವೇಜಿನ ಕಾವಲಿಗೆ ನಿಂತಿತ್ತು.

ಧರ್ಮಶಾಸ್ತ್ರದ ಮೂರು ಬಗೆ

ಶಾಪ ಒಂದನ್ನೇ ನಂಬಿ ನಮ್ಮ ಹಿರಿಯರು ಕುಳಿತಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ಬರೆದ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಮುಂದೆ ಬ್ರಿಟಿಷರ ನ್ಯಾಯಾಲಯಗಳೂ ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಆಸ್ತಿ ಹಕ್ಕಿಗೆ ಅದನ್ನೇ ಆಧಾರವಾಗಿ ಹಿಡಿದವು. ವ್ಯಾಜ್ಯದಲ್ಲಿ ಪ್ರಮಾಣವೆಂದರೆ ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಅಂದರೆ ಬರಹ, ಅನುಭವ, ನೋಡಿದವರ ಮಾತು. ಇಂದಿನ ಸಿವಿಲ್ ದಾವೆಯಲ್ಲೂ ವಕೀಲರು ಹುಡುಕುವುದು ಈ ಮೂರನ್ನೇ.

ವಿಷ್ಣು ಸ್ಮೃತಿ ಬರಹವನ್ನು ಮತ್ತೆ ಮೂರಾಗಿ ವಿಂಗಡಿಸುತ್ತದೆ. ಸಾಕ್ಷಿಗಳಿಲ್ಲದೆ ತಾನೇ ಬರೆದುಕೊಟ್ಟ ಪತ್ರ ಒಂದು. ಸಾಕ್ಷಿಗಳ ಸಹಿ ಇರುವ ಪತ್ರ ಎರಡನೆಯದು. ಮೂರನೆಯದು ‘ರಾಜಸಾಕ್ಷಿಕ’. ಅರಸನ ಅಧಿಕರಣದಲ್ಲಿ, ಅದಕ್ಕಾಗಿ ನೇಮಕವಾದ ಕರಣಿಕ ಬರೆದು, ಅಧ್ಯಕ್ಷನ ಕೈಗುರುತು ಬಿದ್ದ ಪತ್ರ ಇದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕೈಬರಹದ ಚೀಟಿ, ಸಾಕ್ಷಿಗಳಿರುವ ಕರಾರು, ನೋಂದಾಯಿತ ಪತ್ರ. ಸರ್ಕಾರದ ಎದುರು ಆದ ಬರಹಕ್ಕೆ ಬೆಲೆ ಹೆಚ್ಚು ಎಂಬ ತಿಳಿವಳಿಕೆ ಇಂಗ್ಲಿಷರು ತಂದುಕೊಟ್ಟದ್ದೇನೂ ಅಲ್ಲ.

ಕಡತ, ಶಾನುಭೋಗ ಮತ್ತು ಪಾರಸಿ ಪದಗಳು

ಹಳ್ಳಿಯ ಮಟ್ಟದಲ್ಲಿ ಬರವಣಿಗೆಯ ಯಜಮಾನಿಕೆ ಶಾನುಭೋಗನದು. ಶಾಸನಗಳ ‘ಸೇನಬೋವ’ನೇ ನಾಲಿಗೆ ಮೇಲೆ ಸವೆದು ‘ಶಾನುಭೋಗ’ನಾದ. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕಪ್ಪು ಪುಸ್ತಕದಲ್ಲಿ ಆತ ಬಳಪದಿಂದ ಬರೆಯುತ್ತಿದ್ದ. ಅದಕ್ಕೆ ‘ಕಡತ’ ಎಂದು ಹೆಸರು. ಬಟ್ಟೆಯ ಕಡತ ಹೋಗಿ ಎಷ್ಟೋ ಕಾಲವಾಗಿದ್ದರೂ ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ ಈಗಲೂ ಕಡತವೆಂದೇ ಹೆಸರಿದೆ.

17ನೇ ಶತಮಾನದಲ್ಲಿ ಕೋಲಾರ ಸೀಮೆ ಬಿಜಾಪುರದ ಆದಿಲಶಾಹಿಗಳ ಕೈಗೆ, ಅವರಿಂದ ಶಹಾಜಿಯ ಜಹಗೀರಿಗೆ, ಮುಂದೆ ಮೊಗಲರ ಸಿರಾ ಸುಬಾಕ್ಕೆ ಸೇರಿತು. ಆವತಿ ನಾಡಪ್ರಭುಗಳ ವಂಶದ ಪಾಳೆಯಗಾರರು ಆಳುತ್ತಿದ್ದ ಚಿಕ್ಕಬಳ್ಳಾಪುರವನ್ನು 1762ರಲ್ಲಿ ಹೈದರಾಲಿ ವಶಪಡಿಸಿಕೊಂಡ. ಚಿಂತಾಮಣಿ ಪಟ್ಟಣದ ಹೆಸರೇ ಅದನ್ನು ಕಟ್ಟಿಸಿದ ಮರಾಠಾ ಸರದಾರ ಚಿಂತಾಮಣಿ ರಾಯನಿಂದ ಬಂದದ್ದು. ಹೀಗೆ ಕೈಯಿಂದ ಕೈಗೆ ಹೋದ ಸೀಮೆಯ ಆಡಳಿತದಲ್ಲಿ ಪಾರಸಿ, ಮರಾಠಿ ಪದಗಳು ಬೇರುಬಿಟ್ಟವು. ದಸ್ತಾವೇಜು, ವಕಾಲತ್ತು, ಜಾಮೀನು, ತಕರಾರು, ಹಕ್ಕು, ಖುಲಾಸೆ, ಮುಖ್ತಾರ್‌ನಾಮೆ ಇವನ್ನು ಈಗ ಹೊರಗಿನ ಪದಗಳೆಂದು ಯಾರೂ ಭಾವಿಸುವುದಿಲ್ಲ. ಪತ್ರಗಳಲ್ಲಿ ತಂದೆಯ ಹೆಸರಿಗೆ ಮುನ್ನ ‘ಬಿನ್’ ಎಂದೂ ಗಂಡನ ಹೆಸರಿಗೆ ಮುನ್ನ ‘ಕೋಂ’ ಎಂದೂ ಬರೆಯುತ್ತಾರೆ. ಪತ್ರ ಬರೆದವನ ಸಹಿಯ ಜಾಗಕ್ಕೆ ಹಳೆಯ ಪತ್ರಗಳಲ್ಲಿ ‘ಬಿಕ್ಕಲಂ’ ಎಂಬ ಮಾತಿದೆ. ಕಲಂ ಎಂದರೆ ಲೇಖನಿ.

ವಂಶಪಾರಂಪರ್ಯದ ಶಾನುಭೋಗಿಕೆ 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆಯಿಂದ ಕೊನೆಗೊಂಡಿತು. ಲೆಕ್ಕಪತ್ರದ ಕೆಲಸ ಸರ್ಕಾರಿ ನೌಕರನಾದ ಗ್ರಾಮಲೆಕ್ಕಿಗನಿಗೆ ಹೋಯಿತು. ಪತ್ರ ಬರೆಯುವ ಕೆಲಸ ಪಟ್ಟಣದ ಪತ್ರ ಬರಹಗಾರರಿಗೂ ವಕೀಲರಿಗೂ ಸೇರಿತು.

ಸರ್ಕಾರದ ಪುಸ್ತಕದಲ್ಲಿ ದಾಖಲು

ಬ್ರಿಟಿಷರ ಕಾಲದ ಮುಖ್ಯ ಬದಲಾವಣೆ ನೋಂದಣಿ. ಮನೆಯ ಪೆಟ್ಟಿಗೆಯಲ್ಲಿರುವ ಪತ್ರ ಕಳೆಯಬಹುದು, ಸುಡಬಹುದು, ಯಾರಾದರೂ ತಿದ್ದಬಹುದು. ಅದರ ಯಥಾಪ್ರತಿ ಸರ್ಕಾರದ ಪುಸ್ತಕದಲ್ಲಿದ್ದರೆ ಆ ಭಯವಿಲ್ಲ. ಮೈಸೂರು ಸಂಸ್ಥಾನ 1903ರಲ್ಲಿ ತನ್ನದೇ ನೋಂದಣಿ ಕಾನೂನು ಮಾಡಿಕೊಂಡಿತು. ಇಂದು ಜಾರಿಯಲ್ಲಿರುವುದು 1908ರ ನೋಂದಣಿ ಕಾಯ್ದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಕೈ ಬದಲಾಗಬೇಕಾದರೆ ಪತ್ರ ನೋಂದಣಿಯಾಗಲೇಬೇಕು. ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಉಪನೋಂದಣಾಧಿಕಾರಿಯ ಮುಂದೆ ಹಾಜರುಪಡಿಸಬೇಕು.

ಓದು ಬಾರದವರ ಹೆಬ್ಬೆಟ್ಟಿಗೂ ಒಂದು ಚರಿತ್ರೆಯಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ, ರಸ್ತೆ ಕೆಲಸಕ್ಕೆ ಸಾಮಗ್ರಿ ಒದಗಿಸುವ ಗುತ್ತಿಗೆದಾರನೊಬ್ಬನ ಅಂಗೈ ಗುರುತನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಮುಂದೆ ಬೆರಳಚ್ಚಿನ ಶಾಸ್ತ್ರವೇ ಬೆಳೆಯಿತು. ಇಂದು ಅಕ್ಷರಸ್ಥರೂ ನೋಂದಣಿ ಕಚೇರಿಯಲ್ಲಿ ಹೆಬ್ಬೆರಳು ಒತ್ತಲೇಬೇಕು.

ರೋಮಿನಿಂದ ಚಿಕ್ಕಬಳ್ಳಾಪುರಕ್ಕೆ

ಹಾಗಾದರೆ ನೋಟರಿ ಎಲ್ಲಿಂದ ಬಂದರು? ಪ್ರಾಚೀನ ರೋಮಿನಲ್ಲಿ ಇತರರು ಆಡಿದ್ದನ್ನು ಸಂಕೇತಾಕ್ಷರಗಳಲ್ಲಿ ಬೇಗಬೇಗ ಬರೆದುಕೊಳ್ಳುತ್ತಿದ್ದವರಿಗೆ ‘ನೋಟಾರಿಯಸ್’ ಎಂದು ಹೆಸರಿತ್ತು. ಮಧ್ಯಯುಗದ ಯೂರೋಪಿನಲ್ಲಿ ಪೋಪ್ ಮತ್ತು ಚಕ್ರವರ್ತಿಗಳು ನೋಟರಿಗಳನ್ನು ನೇಮಿಸುತ್ತಿದ್ದರು. ಇಂಗ್ಲೆಂಡಿನ ಎಂಟನೆಯ ಹೆನ್ರಿ ಪೋಪನೊಡನೆ ಸಂಬಂಧ ಕಡಿದುಕೊಂಡಾಗ, 1533ರ ಕಾನೂನಿನಿಂದ ಈ ಅಧಿಕಾರ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ಬಂತು. ಅವರ ಪರವಾಗಿ ‘ಮಾಸ್ಟರ್ ಆಫ್ ಫ್ಯಾಕಲ್ಟೀಸ್’ ಎಂಬ ಅಧಿಕಾರಿ ನೋಟರಿಗಳನ್ನು ನೇಮಿಸುತ್ತಿದ್ದ. ಭಾರತದಲ್ಲಿ ಕೆಲಸ ಮಾಡುವ ನೋಟರಿಗಳಿಗೂ ಅವನೇ ಸನ್ನದು ಕೊಡುತ್ತಿದ್ದ.

ಹಡಗು, ಹುಂಡಿ, ವಿದೇಶಿ ವ್ಯಾಪಾರ ಇವೇ ಅಂದಿನ ನೋಟರಿಯ ಮುಖ್ಯ ಕೆಲಸ. ಹುಂಡಿಗೆ ಹಣ ಸಿಗದಿದ್ದರೆ ಆ ಸಂಗತಿಯನ್ನು ಅಧಿಕೃತವಾಗಿ ದಾಖಲಿಸುವವರು ಬೇಕಾಗಿತ್ತು. ಆದ್ದರಿಂದಲೇ ಪ್ರಾಂಸರಿ ನೋಟು, ಹುಂಡಿ, ಚೆಕ್ಕುಗಳಿಗೆ ಸಂಬಂಧಿಸಿದ 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಮಿನಲ್ಲಿ ನೋಟರಿಗಳನ್ನು ನೇಮಿಸುವ ಅಧಿಕಾರವನ್ನು ಗವರ್ನರ್ ಜನರಲ್‌ಗೆ ಕೊಡಲಾಯಿತು.

ಸ್ವಾತಂತ್ರ್ಯ ಬಂದ ಮೇಲೂ ಭಾರತದ ನೋಟರಿ ಇಂಗ್ಲೆಂಡಿನ ಚರ್ಚಿನ ಅಧಿಕಾರಿಯಿಂದ ಅಧಿಕಾರ ಪಡೆಯುವುದು ಸರಿಯಲ್ಲ ಎನಿಸಿ ಸಂಸತ್ತು 1952ರಲ್ಲಿ ನೋಟರಿಗಳ ಕಾಯ್ದೆಯನ್ನು ಅಂಗೀಕರಿಸಿತು. 1956ರ ಫೆಬ್ರವರಿ 14ರಂದು ಅದು ಜಾರಿಗೆ ಬಂತು. ಕರ್ನಾಟಕ ಏಕೀಕರಣವಾದದ್ದೂ ಅದೇ ವರ್ಷ. ಹಳೆಯ 138ನೇ ಕಲಂ ರದ್ದಾಗಿ ಆ ಸಂಖ್ಯೆ ಖಾಲಿಯಾಯಿತು. 1988ರ ತಿದ್ದುಪಡಿ ಆ ಜಾಗಕ್ಕೆ ಚೆಕ್ ಬೌನ್ಸ್ ಅಪರಾಧವನ್ನು ತಂದು ಕೂರಿಸಿತು. 1989ರ ಏಪ್ರಿಲ್‌ನಿಂದ ಜಾರಿಗೆ ಬಂದ ಆ ‘138 ಕೇಸು’ ಇಂದು ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಾಗಲಿ, ಚಿಂತಾಮಣಿಯ ಮಂಡಿ ವರ್ತಕನಿಗಾಗಲಿ ಚೆನ್ನಾಗಿ ಗೊತ್ತು. ಆ ಸಂಖ್ಯೆ ಒಂದು ಕಾಲಕ್ಕೆ ನೋಟರಿಯ ಮನೆಯಾಗಿತ್ತು ಎಂಬುದು ಮಾತ್ರ ಗೊತ್ತಿರುವುದು ಕೆಲವರಿಗೇ.

ಮೊಹರು ಏನು ಹೇಳುತ್ತದೆ?

ನಿರ್ದಿಷ್ಟ ವರ್ಷಗಳ ಕಾಲ ವಕೀಲಿ ನಡೆಸಿದವರನ್ನು ಕೇಂದ್ರ ಅಥವಾ ರಾಜ್ಯ ಸರ್ಕಾರ ನೋಟರಿಯಾಗಿ ನೇಮಿಸುತ್ತದೆ. ನಿಯಮದಂತೆ ಸಾಮಾನ್ಯ ವರ್ಗದವರಿಗೆ ಹತ್ತು ವರ್ಷ, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಏಳು ವರ್ಷದ ಅನುಭವ ಬೇಕು. ಮೊಹರು ಐದು ಸೆಂಟಿಮೀಟರ್ ವ್ಯಾಸದ ದುಂಡು ಮುದ್ರೆ. ಅದರಲ್ಲಿ ನೋಟರಿಯ ಹೆಸರು, ಕೆಲಸ ಮಾಡುವ ಪ್ರದೇಶ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರದ ಹೆಸರು ಇರಬೇಕು. ಶುಲ್ಕದ ಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಎದ್ದು ಕಾಣುವಂತೆ ಹಾಕಬೇಕು. ರಸೀದಿ ಕೊಡಬೇಕು. ಪ್ರತಿ ಪತ್ರವನ್ನೂ ಕ್ರಮಸಂಖ್ಯೆ ಹಾಕಿ ರಿಜಿಸ್ಟರಿನಲ್ಲಿ ದಾಖಲಿಸಬೇಕು. ನೋಟರಿಯಲ್ಲದವರು ನೋಟರಿಯೆಂದು ಹೇಳಿಕೊಂಡು ಕೆಲಸ ಮಾಡಿದರೆ ಅದು ಅಪರಾಧ.

ಕಾಯ್ದೆಯ 8ನೇ ಕಲಂ ನೋಟರಿಯ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ಪತ್ರಕ್ಕೆ ಸಹಿಯಾದದ್ದನ್ನು ದೃಢೀಕರಿಸುವುದು, ಪ್ರಮಾಣವಚನ ಬೋಧಿಸಿ ಅಫಿಡವಿಟ್ ಪಡೆಯುವುದು, ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸಿ ಪ್ರಮಾಣೀಕರಿಸುವುದು, ಹುಂಡಿ ನಿರಾಕರಣೆಯನ್ನು ದಾಖಲಿಸುವುದು ಇತ್ಯಾದಿ. ಹಡಗಿನ ಹಾನಿಗೆ ಸಂಬಂಧಿಸಿದ ಪತ್ರಗಳನ್ನು ತಯಾರಿಸುವ ಅಧಿಕಾರವೂ ಇದರಲ್ಲಿದೆ. ಸಮುದ್ರದ ಸುಳಿವೇ ಇಲ್ಲದ ಗೌರಿಬಿದನೂರಿನ ನೋಟರಿಗೂ ಕಾನೂನಿನ ಪ್ರಕಾರ ಆ ಅಧಿಕಾರ ಉಂಟು.

ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಮೊಹರು ಹೇಳುವುದು ‘ಈ ವ್ಯಕ್ತಿ, ಈ ದಿನ, ನನ್ನ ಮುಂದೆ ಸಹಿ ಹಾಕಿದ’ ಎಂಬಷ್ಟನ್ನು. ಪತ್ರದೊಳಗಿನ ಮಾತು ನಿಜವೆಂದು ಅದು ಹೇಳುವುದಿಲ್ಲ. ಜಮೀನು ಮಾರುವವನದೇ ಎಂದೂ ಹೇಳುವುದಿಲ್ಲ. ಫ್ರಾನ್ಸ್, ಇಟಲಿ, ಜರ್ಮನಿಗಳಲ್ಲಿ ನೋಟರಿಯೇ ಕ್ರಯಪತ್ರ ತಯಾರಿಸುತ್ತಾರೆ, ಅದಕ್ಕೆ ಅಧಿಕೃತ ಬೆಲೆಯೂ ಇದೆ. ಇಂಗ್ಲಿಷ್ ಪದ್ಧತಿಯನ್ನು ಅನುಸರಿಸಿದ ನಮ್ಮಲ್ಲಿ ಆ ಸ್ಥಾನ ನೋಟರಿಗಿಲ್ಲ. ಹೆಸರು ಒಂದೇ ಆದರೂ ಅಧಿಕಾರ ಬೇರೆ.

ದಿನಬಳಕೆಯ ಪತ್ರಗಳು

ಅಫಿಡವಿಟ್ ಅಥವಾ ಪ್ರಮಾಣಪತ್ರ ಅತ್ಯಂತ ಸಾಮಾನ್ಯವಾದುದು. ತನಗೆ ತಿಳಿದ ಸಂಗತಿಯನ್ನು ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ ಇದು. ಹೆಸರು ಬದಲಾವಣೆ, ಕಳೆದ ಅಂಕಪಟ್ಟಿ, ವಂಶವೃಕ್ಷ ಎಲ್ಲಕ್ಕೂ ಇದನ್ನು ಕೇಳುತ್ತಾರೆ. ಸುಳ್ಳು ಪ್ರಮಾಣಕ್ಕೆ ಜೈಲು ಶಿಕ್ಷೆಯೂ ಉಂಟು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಚುನಾವಣಾ ಅಭ್ಯರ್ಥಿಗಳೂ ತಮ್ಮ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕಾಗಿದೆ. ಸಣ್ಣಪುಟ್ಟ ಕೆಲಸಗಳಿಗೆ ಸ್ವಯಂ ದೃಢೀಕರಣವೇ ಸಾಕೆಂದು 2014ರಲ್ಲಿ ಕೇಂದ್ರ ಸರ್ಕಾರ ಉತ್ತೇಜನ ಕೊಟ್ಟರೂ ಅಫಿಡವಿಟ್ ಕೇಳುವ ಅಭ್ಯಾಸ ಎಲ್ಲ ಕಚೇರಿಗಳಿಂದ ಹೋಗಿಲ್ಲ.

ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೇ ಬರೆಯುವುದೇಕೆ ಎಂದು ಹಲವರು ಕೇಳುವುದುಂಟು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳ ಉಪಾಯ. ಆದರೆ ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ವಾಸಿಸುವ ‘ಭೋಗ್ಯ’ದ ಕಥೆ ಬೇರೆ. ಕಾನೂನಿನ ಕಣ್ಣಿನಲ್ಲಿ ಭೋಗ್ಯ ಎಂದರೆ ಸ್ವಾಧೀನ ಸಹಿತವಾದ ಅಡಮಾನ. ಅದಕ್ಕೆ ನೋಂದಾಯಿತ ಪತ್ರ ಬೇಕು. ನೋಟರಿ ಮೊಹರಿನ ಕಾಗದವನ್ನಷ್ಟೇ ನಂಬಿ ಲಕ್ಷಗಟ್ಟಲೆ ಕೊಟ್ಟವರಿಗೆ, ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ, ಹಣ ವಾಪಸು ಪಡೆಯುವುದು ಕಷ್ಟ.

ಕ್ರಯಪತ್ರ, ದಾನಪತ್ರ, ಸ್ಥಿರಾಸ್ತಿಯ ವಿಭಾಗಪತ್ರ, ಹಕ್ಕು ಖುಲಾಸೆ ಪತ್ರ ಇವೆಲ್ಲ ನೋಂದಣಿಯಾಗಬೇಕಾದವು. ಉಯಿಲು ಅಥವಾ ಮರಣಶಾಸನಕ್ಕೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಡ. ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು, ಅಷ್ಟೆ. ಬದುಕಿರುವವರೆಗೆ ಅದನ್ನು ಬದಲಾಯಿಸಲೂಬಹುದು.

ಮುಖ್ತಾರ್‌ನಾಮೆ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ. ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ. ನೋಟರಿಯ ಮುಂದೆ ಆದ ಅಧಿಕಾರಪತ್ರವನ್ನು ನ್ಯಾಯಾಲಯ ಸರಿಯಾಗಿಯೇ ಆಗಿದೆ ಎಂದು ಮೊದಲಿಗೆ ಭಾವಿಸುತ್ತದೆ. ಅಮೆರಿಕದಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇರುವ ಮಗ ಊರಿನ ಆಸ್ತಿ ನೋಡಿಕೊಳ್ಳಲು ತಂದೆಗೆ ಇದನ್ನು ಕಳುಹಿಸುತ್ತಾನೆ. ದೇಶ ದೇಶಗಳ ನಡುವೆ ಪತ್ರಗಳಿಗೆ ಮಾನ್ಯತೆ ಕೊಡುವ ‘ಅಪೊಸ್ಟಿಲ್’ ಒಪ್ಪಂದ ಭಾರತದಲ್ಲಿ 2005ರ ಜುಲೈನಿಂದ ಜಾರಿಯಲ್ಲಿದೆ.

ಕಾಗದ ಕೈಕೊಟ್ಟಾಗ

ಬೆಂಗಳೂರಿಗೆ ಒಂದೂವರೆ ಗಂಟೆಯ ದಾರಿಯಲ್ಲಿರುವ ಚಿಕ್ಕಬಳ್ಳಾಪುರದ ಸುತ್ತ, ಅದರಲ್ಲೂ 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ, ಭೂಮಿಯ ಬೆಲೆ ಏರುತ್ತಾ ಹೋಯಿತು. ದ್ರಾಕ್ಷಿ, ಹೂವು, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲ ನಿವೇಶನದ ಲೆಕ್ಕದಲ್ಲಿ ಬಿಕರಿಯಾಗತೊಡಗಿತು. ಬೆಲೆ ಏರಿದ ಕಡೆ ಕಾಗದದ ಮೋಸವೂ ಹೆಚ್ಚುತ್ತದೆ. ಕ್ರಯಪತ್ರ ನೋಂದಣಿ ಮಾಡಿಸದೆ ‘ಜಿಪಿಎ ಮತ್ತು ಕರಾರು’ ಮೇಲೆಯೇ ಕೊಳ್ಳುವ ಪದ್ಧತಿ ದೇಶದ ಹಲವೆಡೆ ಇತ್ತು. 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಪತ್ರಗಳಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ನೋಂದಣಿಯಾದ ಪತ್ರವೂ ಕೆಲವೊಮ್ಮೆ ನಿಲ್ಲುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅನ್ಯರ ಪಾಲಾಗುವುದನ್ನು ತಡೆಯಲು 1978ರಲ್ಲಿ ಕರ್ನಾಟಕ ಪಿಟಿಸಿಎಲ್ ಕಾಯ್ದೆಯನ್ನು ತಂದಿತು. ಸರ್ಕಾರದ ಅನುಮತಿಯಿಲ್ಲದೆ ಅಂಥ ಜಮೀನು ಮಾರಿದರೆ ಕ್ರಯ ಅಸಿಂಧು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಕಷ್ಟಕಾಲದಲ್ಲಿ ಅಲ್ಪ ಬೆಲೆಗೆ ಹೆಬ್ಬೆಟ್ಟು ಒತ್ತಿದ ಕುಟುಂಬಕ್ಕೆ ಭೂಮಿ ಮರಳಿ ಸಿಗಲಿ ಎಂಬುದೇ ಇದರ ಆಶಯ.

ಇದಕ್ಕಿಂತ ಕಠೋರವಾದುದು ಜೀತದ ಕರಾರು. ಮುಂಗಡ ಪಡೆದ ಸಾಲಕ್ಕೆ ತಾನೋ ತನ್ನ ಮಗನೋ ಧಣಿಯ ಮನೆಯಲ್ಲಿ ದುಡಿಯುವುದಾಗಿ ಒಪ್ಪಿ ಹೆಬ್ಬೆಟ್ಟು ಒತ್ತಿದ ಪತ್ರ ಮನುಷ್ಯನನ್ನೇ ಅಡವಿಟ್ಟಂತೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇಂಥ ಎಲ್ಲ ಕರಾರುಗಳನ್ನೂ, ಬರಹದಲ್ಲಿರಲಿ ಬಾಯಿಮಾತಿನಲ್ಲಿರಲಿ, ಒಂದೇ ಏಟಿಗೆ ಅಸಿಂಧುಗೊಳಿಸಿತು. ಎಷ್ಟು ಸಾಕ್ಷಿಗಳ ಸಹಿಯಿದ್ದರೂ ಅನ್ಯಾಯದ ಪತ್ರಕ್ಕೆ ಬಲವಿಲ್ಲ.

ಹೆಣ್ಣುಮಕ್ಕಳ ಸಹಿಯ ಕಥೆಯೂ ಇಲ್ಲಿ ಪ್ರಸ್ತುತ. ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಬಗ್ಗೆ ಮೈಸೂರು ಸಂಸ್ಥಾನ 1933ರಲ್ಲೇ ಕಾನೂನು ಮಾಡಿತ್ತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಆಮೇಲೆ 2005ರ ಕೇಂದ್ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟವು. 2020ರ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದಿತು. ಹೀಗಾಗಿ ತವರಿಗೆ ಬಂದ ಅಕ್ಕತಂಗಿಯರ ಮುಂದೆ ‘ಸುಮ್ಮನೆ ಒಂದು ಸಹಿ’ ಎಂದು ಹಕ್ಕು ಖುಲಾಸೆ ಪತ್ರ ಹಿಡಿಯುವುದು ಸಾಮಾನ್ಯವಾಗಿದೆ. ಅರಿಶಿನ ಕುಂಕುಮದ ಸೀರೆಯ ಜೊತೆ ಬರುವ ಈ ಕಾಗದ ಸುಮ್ಮನೆ ಕಾಗದವಲ್ಲ.

ಮದುವೆ, ವಿಚ್ಛೇದನಗಳನ್ನೂ ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮೊಹರು ಹಾಕಿಸುವವರಿದ್ದಾರೆ. ನೋಟರಿಗಳು ವಿವಾಹಾಧಿಕಾರಿಗಳಲ್ಲ, ಇಂಥ ಪತ್ರಗಳನ್ನು ದೃಢೀಕರಿಸುವಂತಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಸೂಚನೆ ಹೊರಡಿಸಿತು.

ಛಾಪಾ ಕಾಗದದಿಂದ ಕಂಪ್ಯೂಟರಿಗೆ

ಕಾಗದವೇ ನಕಲಿಯಾದರೆ? ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದ ಹಗರಣ ಈ ಶತಮಾನದ ಆರಂಭದಲ್ಲಿ ದೇಶವನ್ನೇ ನಡುಗಿಸಿತು. ಆತನ ಬಂಧನವಾದದ್ದು 2001ರಲ್ಲಿ. ಆ ಬಳಿಕ ಕರ್ನಾಟಕದಲ್ಲಿ ಹಳೆಯ ಛಾಪಾ ಕಾಗದದ ಮಾರಾಟ ನಿಂತು, ಮುಂದೆ ಇ-ಸ್ಟ್ಯಾಂಪ್ ಬಂತು. ಪಹಣಿಗೆ ‘ಭೂಮಿ’, ನೋಂದಣಿಗೆ ‘ಕಾವೇರಿ’ ತಂತ್ರಾಂಶಗಳು ಬಂದವು. 2023ರಲ್ಲಿ ‘ಕಾವೇರಿ 2.0’ ಜಾರಿಯಾಯಿತು. ಋಣಭಾರ ಪತ್ರವನ್ನು ಈಗ ಕಂಪ್ಯೂಟರಿನಲ್ಲೇ ಪಡೆಯಬಹುದು. ಶುಲ್ಕವೂ ಬದಲಾಗಿದೆ: ಅಫಿಡವಿಟ್‌ನ ಮುದ್ರಾಂಕ ಶುಲ್ಕ 2024ರಲ್ಲಿ 20 ರೂಪಾಯಿಯಿಂದ 100 ರೂಪಾಯಿಗೆ ಏರಿತು.

ಯಂತ್ರ ಬಂದರೂ ಒಂದು ಕೆಲಸ ಮನುಷ್ಯನಿಗೇ ಉಳಿದಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಮಾತು ತೆಲುಗು ಆಗಿರುವ ಕುಟುಂಬಗಳು ಬಹಳ. ಶಾಸನಗಳ ಕಾಲದಿಂದಲೂ ಇಲ್ಲಿ ಕನ್ನಡ, ತೆಲುಗು ಎರಡೂ ಜೊತೆಗೇ ನಡೆದು ಬಂದಿವೆ. ಪತ್ರ ಮಾತ್ರ ಕನ್ನಡದಲ್ಲಿ, ಅದೂ ಪಾರಸಿ ಸಂಸ್ಕೃತ ಬೆರೆತ ಕಚೇರಿ ಕನ್ನಡದಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿದ್ದರಂತೂ ಕೇಳುವುದೇ ಬೇಡ. ಹಳೆಯ ಪತ್ರಗಳ ಕೊನೆಯಲ್ಲಿ ‘ಓದಿಸಿ ಕೇಳಿ, ಸರಿಯೆಂದು ಒಪ್ಪಿ’ ಎಂಬ ಅರ್ಥದ ಮಾತು ಇರುತ್ತಿತ್ತು. ಅದು ಬರಿಯ ವಾಡಿಕೆಯ ಮಾತಲ್ಲ. ಅನಕ್ಷರಸ್ಥರಿಂದ ಪಡೆದ ಪತ್ರ ವಿವಾದಕ್ಕೆ ಬಂದಾಗ, ಅದನ್ನು ಅವರಿಗೆ ಓದಿ ತಿಳಿಸಲಾಗಿತ್ತೇ ಎಂದು ನ್ಯಾಯಾಲಯಗಳು ಕೇಳುತ್ತವೆ. ತಿಳಿಸಲಾಗಿತ್ತೆಂದು ತೋರಿಸುವ ಹೊಣೆ ಪತ್ರದಿಂದ ಲಾಭ ಪಡೆದವನ ಮೇಲೆ ಬೀಳುವುದೂ ಉಂಟು.

ಆದ್ದರಿಂದ ಸಹಿ ಹಾಕುವ ಮುನ್ನ ಪತ್ರವನ್ನು ತನಗೆ ತಿಳಿಯುವ ಮಾತಿನಲ್ಲಿ ಪೂರ್ತಿ ಓದಿಸಿ ಕೇಳುವುದು ಪ್ರತಿಯೊಬ್ಬರ ಹಕ್ಕು. ಖಾಲಿ ಹಾಳೆಗೆ ಸಹಿ ಹಾಕಬಾರದು. ನೋಟರಿಯ ಮುಂದೆ ಖುದ್ದಾಗಿ ಹಾಜರಾಗಬೇಕು, ರಿಜಿಸ್ಟರಿನ ಕ್ರಮಸಂಖ್ಯೆ ಮತ್ತು ರಸೀದಿ ಕೇಳಿ ಪಡೆಯಬೇಕು. ಸ್ಥಿರಾಸ್ತಿಯ ವ್ಯವಹಾರವಾದರೆ ಅಲ್ಲಿಗೇ ನಿಲ್ಲದೆ ಉಪನೋಂದಣಾಧಿಕಾರಿಯ ಕಚೇರಿಯವರೆಗೂ ಹೋಗಬೇಕು. ಹೋಗುವ ಮೊದಲು ಋಣಭಾರ ಪತ್ರ, ಪಹಣಿ, ಮೂಲ ಮಂಜೂರಾತಿ ಪತ್ರಗಳನ್ನು ಪರಿಶೀಲಿಸಬೇಕು. ಹಿಂದಿನ ಕಾಲದಲ್ಲಿ ದಾನವನ್ನು ಕಲ್ಲಿನಲ್ಲಿ ಕೆತ್ತಿಸಿದವರೂ ಊರೆಲ್ಲ ಕಂಡು ಓದುವ ಜಾಗದಲ್ಲೇ ಅದನ್ನು ನಿಲ್ಲಿಸಿದ್ದರು. ನಾಲ್ಕು ಜನರಿಗೆ ಕಾಣದಂತೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಕಾಗದಕ್ಕೆ ಅಂದೂ ಬೆಲೆ ಕಡಿಮೆ, ಇಂದೂ ಕಡಿಮೆ.